ಆಫೀಸು ಬಿಟ್ಟು ಹೊರಗೆ ಹೋಗದ ಈಶ್ವರಮ್ಮ

ಭದ್ರಾವತಿಯ ಈಶ್ವರಮ್ಮ ನಲವತ್ತೊಂದು ದಿನದಿಂದ ಆಫೀಸು ಬಿಟ್ಟು ಹೊರಗೇ ಹೋಗಿಲ್ಲವೆಂದು ಕಂಪ್ಯೂಟರ್ ಹೇಳಿತು. ಆಕೆಯೋ ದಿನಾ ಸಂಜೆ ಬಸ್ಸು ಹಿಡಿದು ಮನೆಗೆ ಹೋಗಿ, ಅಡುಗೆ ಮಾಡಿ, ಸೀರಿಯಲ್ ನೋಡಿ ಮಲಗುತ್ತಿದ್ದಳು.

ಚೀನಾದ ಮೊಬೈಲ್ ಕಂಪನಿಯೊಂದು ಶಿವಮೊಗ್ಗದ ಆಲ್ಕೊಳದಲ್ಲಿ ಆಫೀಸು ತೆರೆದಾಗ ಕಸ ಗುಡಿಸಲು ಸೇರಿದವಳು ಆಕೆ. ಅಲ್ಲಿ ಹಾಜರಿ ಪುಸ್ತಕವಿಲ್ಲ. ಬಾಗಿಲಲ್ಲೊಂದು ಯಂತ್ರ; ಮಾತು ಕೇಳಿ ಯಾರು ಬಂದರು, ಯಾರು ಹೋದರು ಎಂದು ಅದೇ ಬರೆದುಕೊಳ್ಳುತ್ತದೆ. ಚೀನಾದಲ್ಲೇ ಕೂತು ಕನ್ನಡ ಕಲಿತ ಯಂತ್ರವದು. ನಮ್ಮ ಕಡೆ ಹೊರಡುವವರು ಏನನ್ನುತ್ತಾರೆಂದು ಒಂದು ಮಾತು ಕೇಳಬಾರದಿತ್ತೇ? ಹುಡುಗ ಹುಡುಗಿಯರೆಲ್ಲ ಯಾವ ಅಂಜಿಕೆಯೂ ಇಲ್ಲದೆ "ಹೋಗ್ತೀನಿ" ಎಂದು ಹೋಗುತ್ತಿದ್ದರು. ಈಶ್ವರಮ್ಮ ಮಾತ್ರ "ಬರ್ತೀನಪ್ಪಾ" ಎನ್ನುತ್ತಿದ್ದಳು. ಯಂತ್ರ ಅದನ್ನು 'ಒಳಗೆ ಬಂದಳು' ಎಂದೇ ಬರೆದುಕೊಂಡಿತು.

ಚೀನಾದಿಂದ ಕಾಗದ ಬಂತು: ನೌಕರರು ಆಫೀಸಿನಲ್ಲಿ ವಾಸ ಮಾಡುವಂತಿಲ್ಲ, ಶುಕ್ರವಾರದೊಳಗೆ ಆಕೆ ಹೊರಗೆ ಹೋಗದಿದ್ದರೆ ಕೆಲಸದಿಂದ ತೆಗೆಯಿರಿ. ಗಂಡ ಓಬಯ್ಯನಿಗೆ ಕೆಲಸವಿಲ್ಲ. ಈ ಪೊರಕೆಯೇ ಮನೆ ನಡೆಸುತ್ತಿತ್ತು.

"ಒಂದೇ ಸಲ 'ಹೋಗ್ತೀನಿ' ಅಂದ್ಬಿಡಿ ಈಶ್ವರಮ್ಮ," ಎಂದು ಹಾಜರಿ ನೋಡುವ ಕವನ ಗೋಗರೆದಳು.

"ಹಂಗಂದ್ರೆ ವಾಪಸ್ ಬರಲ್ಲ ಅಂತ ಆಗುತ್ತೆ ಕಣಮ್ಮ. ಸಾಯಕ್ಕೆ ಹೊರಟೋರೂ ಹಂಗನ್ನಲ್ಲ!"

ಶುಕ್ರವಾರ ಸಂಜೆ ಚೀನಾದ ಮ್ಯಾನೇಜರ್ ಲಿಯು ಕೂಡ ಬಾಗಿಲಿಗೆ ಬಂದು ನಿಂತ. ಈಶ್ವರಮ್ಮ ಬಾಯಿ ತೆರೆದಳು. ಅಳು ಬಂತು, ಅದರ ಹಿಂದೆಯೇ ಕೆಟ್ಟ ಸಿಟ್ಟೂ ಬಂತು.

"ಹೋಗತ್ಲಾಗೆ!" ಎಂದು ಯಂತ್ರಕ್ಕೇ ಬೈದಳು.

ಹಸಿರು ದೀಪ ಹತ್ತಿತು. "ಈಶ್ವರಮ್ಮ ಹೊರಗೆ ಹೋಗಿದ್ದಾರೆ," ಎಂದಿತು ಯಂತ್ರ.

ಈಶ್ವರಮ್ಮನ ಆ ಬೈಗುಳವನ್ನು ಲಿಯು ಭಕ್ತಿಯಿಂದ ಬರೆದುಕೊಂಡ. ತಿಂಗಳೊಳಗೆ ಚೀನಾದಿಂದ ಆದೇಶ ಬಂತು: ಈ ಭಾಗದವರು ಮರ್ಯಾದೆಯಿಂದ ಬೀಳ್ಕೊಳ್ಳುವ ಮಾತು ಇದೇ, ಎಲ್ಲರೂ ಬಳಸತಕ್ಕದ್ದು. ಗೋಡೆಯ ಮೇಲೂ ದಪ್ಪಕ್ಷರದಲ್ಲಿ ಬರೆಸಿದರು. ನಿಜ ಹೇಳಿದರೆ ಈಶ್ವರಮ್ಮನ ಕೆಲಸಕ್ಕೆ ಕುತ್ತು, ಹಾಗಾಗಿ ಯಾರೂ ಬಾಯಿ ಬಿಡಲಿಲ್ಲ.

ಆಮೇಲೆ ಲಿಯುಗೆ ವರ್ಗವಾಯಿತು. ಹೊರಡುವ ದಿನ ಆತ ಒಬ್ಬೊಬ್ಬರಿಗೂ ಕೈಮುಗಿದು, ಬಗ್ಗಿ, "ಹೋಗತ್ಲಾಗೆ" ಎನ್ನುತ್ತ ಬಂದ. ಹುಡುಗರು ಗೋಡೆ ಕಡೆ ತಿರುಗಿ ನಗು ನುಂಗಿದರು. ಈಶ್ವರಮ್ಮನ ಎದುರು ನಿಂತಾಗ ಆತನ ಕಣ್ಣು ತುಂಬಿತ್ತು.

"ಹೋಗತ್ಲಾಗೆ, ಈಶ್ವರಮ್ಮ."

ಆಕೆ ಆತನ ಮುಗಿದ ಕೈ ಹಿಡಿದುಕೊಂಡಳು. "ಹಂಗನ್ಬೇಡ ಮಗಾ. ಬರ್ತೀನಿ ಅನ್ನು."

ನಲವತ್ತೊಂದು ದಿನದ ರಗಳೆ ತಂದ ಆ ಪದ ಲಿಯುಗೆ ಚೆನ್ನಾಗಿ ಗೊತ್ತಿತ್ತು. ಆತ ಬಾಗಿಲ ಕಡೆ ಹೆದರಿ ನೋಡಿದ. ಆಮೇಲೆ ಯಂತ್ರಕ್ಕೆ ಕೇಳದ ಹಾಗೆ ಆಕೆಯ ಕಿವಿಗೆ ಬಗ್ಗಿ, ಮೆಲ್ಲಗೆ, "ಬರ್ತೀನಿ" ಎಂದ.