ಮೇಲೇಳದ ಹೊಗೆ

ಬೆಟಗೇರಿ, ಜನವರಿಯ ಬೆಳಿಗ್ಗೆ. ಸೀರೆ ಕೊಳ್ಳಲು ನೇಕಾರರ ಓಣಿಗೆ ಬಂದವಳು ಕೆಮ್ಮುತ್ತಾ ನಿಂತೆ. ಓಣಿಯ ತುದಿಯಲ್ಲಿ ಮುದುಕರೊಬ್ಬರು ಚಳಿ ಕಾಯಿಸಿಕೊಳ್ಳಲು ಕಸಕ್ಕೆ ಬೆಂಕಿ ಹಚ್ಚಿದ್ದರು; ಅದರಲ್ಲಿ ಪ್ಲಾಸ್ಟಿಕ್ಕೇ ಹೆಚ್ಚು. ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಹೊಗೆ ಮಾಳಿಗೆಯ ಎತ್ತರಕ್ಕೆ ಏರಿ, ಅಲ್ಲೇ ತಡೆದು ನಿಂತು, ಅಡ್ಡಕ್ಕೆ ಹರಡಿ, ಸೀರೆ ನೇಯುವ ಶಾಂತವ್ವ ಬಿದಿರಿನ ಗಳಕ್ಕೆ ಒಣಹಾಕಿದ್ದ ಬಿಳಿ ನೂಲಿನ ಮೇಲೆ ಇಳಿಯುತ್ತಿತ್ತು.

"ಕಾಕಾ, ನಿನ್ನೆನೂ ಹೇಳೀನ್ರಿ. ಈ ನೂಲು ಎರಡ ಸರತಿ ತೊಳದೀನಿ!"

"ಆಷಾಢದಾಗೂ ಕಸಾ ಇಲ್ಲೇ ಸುಡ್ತೇನಲ್ಲವಾ, ಆವಾಗ ಸುಮ್ಮ ಇರ್ತಿ?"

"ಆವಾಗ ಗಾಳಿ ಹೊತ್ಕೊಂಡ ಹೋಗತೈತ್ರಿ. ಈಗ ಬಿಸಲ ಏರೂತನಕ ಹೊಗಿ ಮ್ಯಾಲ ಏಳಂಗಿಲ್ಲ!"

ಕಾಕಾ ಕದಲಲಿಲ್ಲ. ಶಾಂತವ್ವ ಒಳಗಿನಿಂದ ಕೊಡ ತಂದು ಬೆಂಕಿಯ ಮೇಲೆ ಸುರಿದೇಬಿಟ್ಟಳು. ಬೆಂಕಿ ಆರಿತು, ಹೊಗೆ ಇಮ್ಮಡಿಯಾಯಿತು. ಮೂವರೂ ಕಣ್ಣೀರು ಬರುವಷ್ಟು ಕೆಮ್ಮಿದೆವು. ಆಕೆ ನೂಲಿನ ಮೇಲೆ ಬೆರಳಾಡಿಸಿ ನೋಡಿದಳು. ಬೆರಳು ಕಪ್ಪಾಗಿತ್ತು.

"ಆತು, ಮತ್ತ ತೊಳೀಬೇಕು. ಅಕ್ಕಾರ, ಈ ಗಳದ್ದು ಒಂದ ತುದಿ ಹಿಡೀರಿ. ಸೀರಿ ಆಮ್ಯಾಲ ತೋರಸ್ತೇನಿ."

ಹಿಡಿದೆ. ನಾವು ಹೊಸ್ತಿಲು ದಾಟುವಷ್ಟರಲ್ಲಿ ಕಾಕಾ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದಿದ್ದರು.