ನೆರಿಗೆ ಬಿದ್ದ ನಾಳ

ಎಲ್ಲರೂ ಅವಳನ್ನು ಕಾಲುಚೀಲದಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಅವಳು ಕಾರ್ಖಾನೆಯಲ್ಲಿ ಕಾಲುಚೀಲ ಹೆಣೆದಿದ್ದಳು. ಈಗ ಕಾಲೇಜಿನ ಹಿಂಬದಿಯ ಕೋಣೆಯೊಂದರಲ್ಲಿ, ಅದೇ ಕಾರ್ಖಾನೆಯಿಂದ ಎರವಲು ತಂದ ಪುಟ್ಟ ದುಂಡು ಯಂತ್ರದಲ್ಲಿ, ಪಾಲಿಯೆಸ್ಟರ್ ನೂಲಿನಿಂದ ಹೆಬ್ಬೆರಳ ದಪ್ಪದ ನಳಿಗೆ ಹೆಣೆಯುತ್ತಿದ್ದಳು. ಕೆಟ್ಟ ರಕ್ತನಾಳವನ್ನು ತೆಗೆದು ಅದರ ಜಾಗದಲ್ಲಿ ಹೊಲಿದು ಕೂರಿಸುವ ನಳಿಗೆ ಅದು.

“ಪಾದವೇ ಇಲ್ಲದ ಕಾಲುಚೀಲ ಯಾರಿಗೇ ಬೇಕು?” ಎಂದು ಗಂಡ ದಿನಾ ಕೆಣಕುತ್ತಿದ್ದ.

ನಳಿಗೆಯನ್ನು ಬಗ್ಗಿಸಿದರೆ ಸಾಕು, ಮಡಚಿಕೊಂಡು, ಪರೀಕ್ಷೆಗೆಂದು ಹರಿಸಿದ ನೀರು ನಿಂತುಬಿಡುತ್ತಿತ್ತು. ನೆರಿಗೆ ಇದ್ದರೆ ಬಗ್ಗುತ್ತದೆಂದು ಜೊತೆಗಿದ್ದ ಇಂಜಿನಿಯರ್ ಹುಡುಗಿಗೆ ಗೊತ್ತಿತ್ತು. ಆದರೆ ದಾರ ಬಿಗಿದು ನೆರಿಗೆ ಹಿಡಿದರೆ ನಳಿಗೆ ಕಟ್ಟಿಗೆಯಂತೆ ಸೆಟೆದುಕೊಳ್ಳುತ್ತಿತ್ತು, ಅದನ್ನು ಹೊಲಿದು ನೋಡುವ ಡಾಕ್ಟರರ ಸೂಜಿ ಇಳಿಯುತ್ತಿರಲಿಲ್ಲ. ಎಂಟು ತಿಂಗಳು ಹೀಗೇ ಕಳೆದಿತ್ತು. ಇವತ್ತು ಹನ್ನೊಂದಕ್ಕೆ ಡಾಕ್ಟರ್ ಕೊನೆಯ ಸಲ ನೋಡಲು ಬರುವವರಿದ್ದರು. ಆಗಲಿಲ್ಲವೆಂದರೆ ಯಂತ್ರ ಕಾರ್ಖಾನೆಗೆ ವಾಪಸ್, ಅದರ ಹಿಂದೆ ಅವಳೂ.

ಬೆಳಿಗ್ಗೆ ಅವಳು ನಳಿಗೆಯನ್ನು ಉಕ್ಕಿನ ಸರಳಿಗೆ ಏರಿಸಿದಳು. ಕಾಲುಚೀಲವನ್ನು ಅಚ್ಚಿಗೆ ಹಾಕುವಾಗ ಮೊದಲು ತುದಿಯವರೆಗೂ ಮುದುಡಿಕೊಂಡು, ಆಮೇಲೆ ಎಳೆದು ಬಿಡಿಸುವುದು ಅವಳ ಕೈಯ ರೂಢಿ. ಮುದುಡಿದ್ದಾಯಿತು.

“ಅಕ್ಕಾ, ಡಾಕ್ಟ್ರು ಗೇಟ್ ಹತ್ರ ಬಂದ್ಬಿಟ್ರು! ಒಂದು ಗಂಟೆ ಮುಂಚೆನೇ!” ಎಂದು ಹುಡುಗಿ ಓಡಿಬಂದಳು.

ಅಕ್ಕ ಗಾಬರಿಯಿಂದ ಬಾಗಿಲ ಕಡೆ ತಿರುಗಿದಳು. ಎಳೆಯುವುದು ಮರೆತೇಹೋಯಿತು. ಸರಳನ್ನು ಹಾಗೇ, ನೂಲನ್ನು ಇದ್ದ ಆಕಾರದಲ್ಲೇ ಕೂರಿಸುವ ಬಿಸಿ ಓವನ್ನಿಗೆ ತಳ್ಳಿದಳು.

ಹೊರತೆಗೆದು ಆರಿಸಿದಾಗ, ಡಾಕ್ಟರರ ಎದುರಿಗೇ, ನಳಿಗೆಯ ಮೈತುಂಬ ಸಣ್ಣ ಸಣ್ಣ ನೆರಿಗೆ.

“ಹಾಳು ಮಾಡ್ಬಿಟ್ಟೆ ಕಣೇ,” ಎಂದಳು ಅಕ್ಕ. ಕಣ್ಣು ತುಂಬಿತ್ತು.

“ಸ್ವಲ್ಪ ಸುಮ್ನಿರಿ ಅಕ್ಕ.” ಹುಡುಗಿ ಅದನ್ನು ಕೊಕ್ಕೆಯ ಹಾಗೆ ಬಗ್ಗಿಸಿದಳು. ಮಡಚಿಕೊಳ್ಳಲಿಲ್ಲ. ಹಿಸುಕಿದಳು. ಮೆತ್ತಗಿತ್ತು!

ಡಾಕ್ಟರ್ ಅದನ್ನು ರಬ್ಬರ್ ಕೊಳವೆಗೆ ಹೊಲಿದು, ಬಗ್ಗಿಸಿ ಹಿಡಿದು, ನಲ್ಲಿ ತಿರುಗಿಸಿದರು. ನಳಿಗೆಯ ಮೈಯಿಂದ ಒಂದಿಷ್ಟು ನೀರು ಜಿನುಗಿತು. ಅದಕ್ಕೆ ಆಮೇಲೆ ಲೇಪ ಹಚ್ಚಬಹುದು. ಮಿಕ್ಕ ನೀರು ಬಾಗಿನಲ್ಲಿ ಒಂದು ಚಣವೂ ನಿಲ್ಲದೆ ಸುರ್ರೆಂದು ಹರಿದು ಅವರ ಬೂಟು ತೋಯಿಸಿತು.

“ಬೆಣ್ಣೆಗೆ ಸೂಜಿ ಹಾಕಿದ ಹಾಗಾಯ್ತಲ್ಲಮ್ಮ! ಯಂತ್ರ ಇಲ್ಲೇ ಇರ್ಲಿ. ಇಂಥದ್ದೇ ಇನ್ನೂ ಹತ್ತು ಬೇಕು. ಹೇಗೆ ಮಾಡಿದ್ರಿ?”

“ನಿಮ್ಮಿಂದ್ಲೇ ಸಾರ್. ಬೇಗ ಬಂದ್ಬಿಟ್ರಲ್ಲ, ಗಾಬರಿಲಿ ಎಳೆಯೋದೇ ಮರೆತೆ.”

“ಹಾಗಾದ್ರೆ ಇನ್ನೂ ಹತ್ತು ಸಲ ಬೇಗ ಬರ್ಬೇಕಾ?”

ಹುಡುಗಿ ಕಿಸಕ್ಕನೆ ನಕ್ಕಳು. ಅಕ್ಕ ಆಗಲೇ ಹೊಸ ನಳಿಗೆಯನ್ನು ಸರಳಿಗೆ ಏರಿಸುತ್ತಿದ್ದಳು.

“ನಗೋದು ಆಮೇಲೆ. ಅದರ ನೆರಿಗೆ ಎಣಿಸಿ ಬರ್ಕೊಳ್ಳೇ ಬೇಗ. ಈ ಸಲ ಈ ಕೈ ಎಳೆಯುತ್ತೋ ಬಿಡುತ್ತೋ ನನಗೇ ಗೊತ್ತಿಲ್ಲ!”