ಎದೆಯ ಮೇಲಿನ ಬಕಲ್

ಬಲೆ ಎಳೆಯುತ್ತಿದ್ದಾಗ ನಾನು ತೊಟ್ಟಿದ್ದ ಲೈಫ್ ಜಾಕೆಟ್ಟಿನ ಎದೆಯ ಬಕಲ್ ಬಲೆಯ ಕಣ್ಣಿಗೆ ಸಿಕ್ಕಿ, ಮುಗ್ಗರಿಸಿದೆ. “ಹ್ವಾಯ್, ಮಾಮನೇ ಬಲಿಗ್ ಬಿದ್ರ್!” ಎಂದು ಹುಡುಗರು ನಕ್ಕರು. ಜಾಕೆಟ್ ಹೊಲಿದ ಹುಡುಗಿ ಮಾತ್ರ ನಗಲಿಲ್ಲ.

ಅದು ಗಂಗೊಳ್ಳಿ ಸಮೀಪದ ಕಾಲೇಜೊಂದರ ವಿನ್ಯಾಸ ತರಗತಿ. ಮಕ್ಕಳು ಮಾಡಿದ ಮಾದರಿಯನ್ನು ತೊಟ್ಟು, ಅಲ್ಲೇ ಹಾಸಿದ್ದ ಬಲೆ ಎಳೆದು ನೋಡಲು ಮೇಷ್ಟ್ರು ಮೀನುಗಾರನಾದ ನನ್ನನ್ನು ಕರೆಸಿದ್ದರು.

“ಹಾಂಗಾರೆ ಬಲಿ ಎಳೆವತಿಗೆ ಯಾರೂ ಇದನ್ ಹಾಕ್ಕಂಬುದೇ ಇಲ್ಯಾ, ಮಾಮ?” ಎಂದು ಅವಳು ಕೇಳಿದಳು.

ಹೋದ ವರ್ಷ ಬೋಟಿನಲ್ಲಿ ತಮ್ಮನಿಗೆ ನಾನೇ ಹೇಳಿದ್ದೆ: “ಅದನ್ ತೆಗ್ದ್ ಬದಿಗ್ ಇಡ್, ಬಲಿಗ್ ಸಿಕ್ಕತ್ತ್.” ಅವನು ತೆಗೆದಿಟ್ಟ. ಸ್ವಲ್ಪ ಹೊತ್ತಿಗೆ ದೊಡ್ಡ ಅಲೆಯೊಂದು ಬಂದು ಅವನನ್ನು ಎಳೆದುಕೊಂಡು ಹೋಯಿತು. ಜಾಕೆಟ್ ಬೋಟಿನಲ್ಲೇ ಉಳಿಯಿತು. ಮನೆಯಲ್ಲೂ ಹೇಳದ ಈ ಮಾತನ್ನು ಆ ಮಕ್ಕಳ ಮುಂದೆ ಹೇಳಿಬಿಟ್ಟೆ.

“ಎಲ್ಲಿ ತಪ್ಪಾಯ್ತ್ ಅಂದ್ ಬರ್ಕಣಿ, ಮಕ್ಕಳೇ” ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು. ಹುಡುಗಿ ಒಂದು ಸಾಲು ಬರೆದು, ಕತ್ತರಿ ತೆಗೆದು ತನ್ನ ಜಾಕೆಟ್ಟಿನ ಬಕಲನ್ನೇ ಕತ್ತರಿಸಿದಳು. ಅದರ ಬದಲು ಪಕ್ಕೆಯಲ್ಲಿ, ಬಟ್ಟೆಯ ಮಡಿಕೆಯೊಳಗೆ, ಕಟ್ಟುವ ಪಟ್ಟಿ ಹೊಲಿದಳು. ನಾನು ಮತ್ತೆ ತೊಟ್ಟು, ಹೆದರುತ್ತಲೇ ಬಲೆ ಎಳೆದೆ. ಬಲೆ ಎಲ್ಲಿಯೂ ಸಿಕ್ಕದೆ ಎದೆಯ ಮೇಲಿಂದ ಜಾರಿಹೋಯಿತು.

ಮರುದಿನ, ಮನೆಯ ಮೊಳೆಗೆ ತೂಗುಹಾಕಿದ್ದ ತಮ್ಮನ ಜಾಕೆಟ್ಟನ್ನು ಅವಳಿಗೆ ಒಯ್ದು ಕೊಟ್ಟೆ. ಬಕಲ್ ಕತ್ತರಿಸುವ ಹೊತ್ತಿಗೆ ಮಾತ್ರ ಕತ್ತರಿಯನ್ನು ನಾನೇ ಕೇಳಿ ತೆಗೆದುಕೊಂಡೆ.